ಹದಿನಾರು ಮೆಟ್ಟಿಲು

ಇತಿಹಾಸದ ಪಾಠ ಹೇಳುವವರಿಗೆ ಒಂದು ಕೆಟ್ಟ ಅಭ್ಯಾಸವಿರುತ್ತದೆ. ಪುಸ್ತಕದಲ್ಲಿ ಒಂದು ಸಾಲಿನಲ್ಲಿರುವುದನ್ನು ನಾವೂ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಟಿಪ್ಪು ಸುಲ್ತಾನ ಫ್ರೆಂಚರ ಸಹಾಯ ಕೇಳಿ ಮಾರಿಷಸ್ ದ್ವೀಪಕ್ಕೆ ದೂತರನ್ನು ಕಳಿಸಿದ ಎಂಬುದು ಅಂಥ ಒಂದು ಸಾಲು. ಇಪ್ಪತ್ತೇಳು ವರ್ಷ ನಾನು ಅದನ್ನು ಹೇಳಿದ್ದೇನೆ. ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಮಡಗಾಸ್ಕರಿನ ಪಕ್ಕದ ಚುಕ್ಕೆಯನ್ನು ಕೋಲಿನಿಂದ ತೋರಿಸಿ, "ಇದೇ ನೋಡಿ, ಸಕ್ಕರೆ ಬೆಳೆಯೋ ದ್ವೀಪ" ಎಂದು ಹೇಳಿ, ಮುಂದಿನ ಸಾಲಿಗೆ, ಅಂದರೆ ನಾಲ್ಕನೇ ಮೈಸೂರು ಯುದ್ಧಕ್ಕೆ ಹೋಗಿಬಿಡುತ್ತಿದ್ದೆ.

ಒಂದು ವರ್ಷ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಳು. ನಮ್ಮ ಮಂಡ್ಯದ ಕಡೆ ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿ ಕಡೆಯಿಂದ ಕೂಲಿಯವರು ಸಂಸಾರ ಸಮೇತ ಬರುತ್ತಾರಲ್ಲ, ಅಂಥವರ ಮಗಳು. ಮೇಸ್ತ್ರಿಯಿಂದ ಮುಂಗಡ ಹಣ ಪಡೆದು ಬಂದವರು. ಗದ್ದೆ ಬದಿಯಲ್ಲಿ ಸೋಗೆಯ ಗುಡಿಸಲು. ಶಾಲೆಗೆ ಎರಡು ವಾರ ಬಂದರೆ ಒಂದು ವಾರ ಬರುತ್ತಿರಲಿಲ್ಲ. ಆ ಹುಡುಗಿ ಕೇಳಿದಳು, "ಅಲ್ಲಿ ಕಬ್ಬು ಯಾರು ಕಡೀತಿದ್ರೀ ಮಿಸ್?"

ಹುಡುಗಿಯರೆಲ್ಲ ನಕ್ಕರು. ನನಗೂ ಗಂಟೆ ಹೊಡೆಯುವುದರೊಳಗೆ ಪಾಠ ಮುಗಿಸುವ ಆತುರ. "ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದೆ. ಅವಳು ಕೂತಳು. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಕಬ್ಬಿನ ಕೆಲಸ ಮುಗಿದ ಮೇಲೆ ಶಾಲೆಗೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನೇ ಕೆಂಪು ಗೆರೆ ಎಳೆದೆ.

ನಿಜ ಹೇಳಬೇಕೆಂದರೆ ಈ ಪ್ರಸಂಗ ನನಗೆ ಮರೆತೇ ಹೋಗಿತ್ತು. ನೆನಪಾದದ್ದು ಆ ದ್ವೀಪದಲ್ಲೇ.

ದಸರಾ ರಜೆಗೆ ಮಗಳು ಅಳಿಯ ಮಾರಿಷಸ್ಸಿಗೆ ಹೊರಟರು. "ಅಮ್ಮಾ, ನೀನೂ ಅಪ್ಪನೂ ಬನ್ನಿ. ಎಷ್ಟು ದಿನ ಅಂತ ಮೈಸೂರು ದಸರಾನೇ ನೋಡ್ತೀರಿ?" ಎಂದು ಮಗಳ ಒತ್ತಾಯ. ನಮ್ಮನೆಯವರು ಮೊದಲು ಬೇಡವೆಂದರು. ಆಮೇಲೆ ಅಳಿಯಂದಿರು, "ಬೆಳಿಗ್ಗೆ ಸಮುದ್ರದ ಪಕ್ಕ ವಾಕಿಂಗ್ ಮಾಡಬಹುದು ಮಾವ" ಎಂದದ್ದೇ ತಡ, ಒಪ್ಪಿಕೊಂಡರು. ನನಗೆ ಮಗಳು ಒಂದು ಷರತ್ತು ಹಾಕಿದಳು: "ಅಲ್ಲಿ ಬಂದು ಇತಿಹಾಸದ ಪಾಠ ಮಾಡಬಾರದು. ರಜೆ ಅಂದ್ರೆ ರಜೆ." ಆಗಲಿ ಎಂದೆ. ಚಟ್ನಿಪುಡಿ, ಕೋಡುಬಳೆ, ಎರಡು ಸ್ವೆಟರು ಕಟ್ಟಿಕೊಂಡು ಹೊರಟದ್ದಾಯಿತು. ಸ್ವೆಟರು ಒಂದು ದಿನವೂ ಬೇಕಾಗಲಿಲ್ಲ; ಕೋಡುಬಳೆ ಎರಡನೇ ದಿನಕ್ಕೇ ಖಾಲಿ.

ದ್ವೀಪ ಚೆಂದವಿದೆ. ಆ ಮಾತಿನಲ್ಲಿ ಎರಡಿಲ್ಲ. ಸುತ್ತಲೂ ಹವಳದ ದಿಬ್ಬ ಬಳೆಯ ಹಾಗೆ ಬಳಸಿಕೊಂಡಿರುವುದರಿಂದ ಅಲೆಗಳ ಅಬ್ಬರವೆಲ್ಲ ದೂರದಲ್ಲೇ ಮುರಿದುಹೋಗುತ್ತದೆ. ದಡದ ನೀರು ನಮ್ಮೂರ ಕೆರೆಯಷ್ಟು ಸಾಧು. ಬಣ್ಣ ಮಾತ್ರ ಒಂದೊಂದು ಹೊತ್ತಿಗೆ ಒಂದೊಂದು, ರೇಷ್ಮೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಹಾಕಿದ ಹಾಗೆ. ದಡದುದ್ದಕ್ಕೂ ಗಾಳಿಮರಗಳು ಸುಯ್ಯೆಂದು ಸದ್ದು ಮಾಡುತ್ತ ನಿಂತಿವೆ. ಮೊಮ್ಮಗಳು ಮರಳಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದಳು. ನಾನು ಸೀರೆ ಎತ್ತಿಕಟ್ಟಿ ಮೊಣಕಾಲುದ್ದದ ನೀರಿನಲ್ಲಿ ನಿಂತು, ಜನ್ಮದಲ್ಲಿ ಮೊದಲ ಸಲ, ಮಧ್ಯಾಹ್ನದ ಅಡುಗೆ ಏನೆಂಬ ಯೋಚನೆಯಿಲ್ಲದೆ ಒಂದು ಗಂಟೆ ಕಳೆದೆ.

ಮೂರನೆಯ ದಿನ ಕಾರಿನಲ್ಲಿ ಒಳನಾಡಿಗೆ ಹೊರಟೆವು. ಸಮುದ್ರ ಮರೆಯಾಗುತ್ತಿದ್ದಂತೆ ಎರಡೂ ಕಡೆ ಕಬ್ಬು. ಎಲ್ಲಿ ನೋಡಿದರೂ ಕಬ್ಬು. "ಇದೇನು, ಇಷ್ಟು ದುಡ್ಡು ಕೊಟ್ಟು ಪುನಃ ಮಂಡ್ಯಕ್ಕೇ ಬಂದ್ವಾ?" ಎಂದು ನಮ್ಮನೆಯವರು ನಗಾಡಿದರು. ಅಲ್ಲಿ ಜೂನ್‌ನಿಂದ ಡಿಸೆಂಬರ್‌ವರೆಗೆ ಕಟಾವಿನ ಕಾಲ. ಕತ್ತರಿಸಿದ ಕಬ್ಬಿನ ಆ ಹಸಿ ಸಿಹಿ ವಾಸನೆ ಕಾರಿನೊಳಗೂ ಬಂತು.

ನಮ್ಮ ಕಡೆ ಇಲ್ಲದ ಒಂದು ಸಂಗತಿ ಮಾತ್ರ ಅಲ್ಲಿತ್ತು. ಹೊಲದ ನಡುನಡುವೆ ದೊಡ್ಡ ದೊಡ್ಡ ಕಲ್ಲಿನ ಗುಡ್ಡೆಗಳು. ಕಪ್ಪು ಕಲ್ಲುಗಳನ್ನು ಒಂದರ ಮೇಲೊಂದು ಒಪ್ಪವಾಗಿ ಪೇರಿಸಿದ್ದಾರೆ. ಕೆಲವು ಮನೆಯೆತ್ತರ ಇವೆ. ನಾನು ಯಾವುದೋ ಹಳೆಯ ಸಮಾಧಿಗಳೆಂದುಕೊಂಡೆ. ಕಾರು ಓಡಿಸುತ್ತಿದ್ದ ಯುವಕ ಹಿಂದಿ, ಇಂಗ್ಲಿಷು ಎರಡನ್ನೂ ಬೆರೆಸಿ ತಿಳಿಸಿ ಹೇಳಿದ. ಈ ದ್ವೀಪ ಜ್ವಾಲಾಮುಖಿಯಿಂದ ಎದ್ದದ್ದು, ನೆಲವೆಲ್ಲ ಕಲ್ಲು. ಕಬ್ಬು ನೆಡುವ ಮುಂಚೆ ಆ ಕಲ್ಲನ್ನೆಲ್ಲ ಕೈಯಿಂದ ಆಯ್ದು ಗುಡ್ಡೆ ಹಾಕಿದವರು ಅವನ ಮುತ್ತಜ್ಜನಂಥವರು. ಅವರನ್ನು ಊರಿನಿಂದ ಹೊರಡಿಸುವಾಗ ದಲ್ಲಾಳಿಗಳು, "ಮಾರಿಚ ದೇಶದಲ್ಲಿ ಕಲ್ಲು ಎತ್ತಿದರೆ ಕೆಳಗೆ ಚಿನ್ನ ಸಿಗುತ್ತದೆ" ಎಂದು ನಂಬಿಸಿದ್ದರಂತೆ. "ಕಲ್ಲನ್ನಂತೂ ಎತ್ತಿದರು" ಎಂದು ಹೇಳಿ ಅವನು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ, ಅವನ ತಪ್ಪಿನಿಂದಲ್ಲ. ಆಗಲೇ ನನಗೆ ಆ ಹುಡುಗಿಯ ಪ್ರಶ್ನೆ ನೆನಪಾದದ್ದು. ಅಲ್ಲಿ ಕಬ್ಬು ಯಾರು ಕಡೀತಿದ್ರು?

ಮಗಳಿಗೆ ಕೊಟ್ಟ ಮಾತನ್ನು ಮುರಿದೆ. ಆಮೇಲಿನ ನಾಲ್ಕು ದಿನ ವಸ್ತುಸಂಗ್ರಹಾಲಯಗಳನ್ನು ಹುಡುಕಿಕೊಂಡು ಹೋದೆ. ಪುಸ್ತಕ ಕೊಂಡು ತಂದು ಊರಿನಲ್ಲೂ ಓದಿದೆ. ಮೊದಲಿನಿಂದಲೇ ಹೇಳಿದರೆ ಒಳ್ಳೆಯದು.

ಈ ದ್ವೀಪಕ್ಕೆ ಮೂಲನಿವಾಸಿಗಳೆಂಬವರೇ ಇಲ್ಲ. ಅರಬರಿಗೆ, ಪೋರ್ಚುಗೀಸರಿಗೆ ಇದರ ಸುಳಿವಿತ್ತು, ಆದರೆ ಅವರು ನೆಲೆ ನಿಲ್ಲಲಿಲ್ಲ. 1598ರಲ್ಲಿ ಬಂದಿಳಿದ ಡಚ್ಚರು ತಮ್ಮ ರಾಜಕುಮಾರ ಮಾರಿಟ್ಸನ ಹೆಸರನ್ನಿಟ್ಟರು, 1638ರಲ್ಲಿ ವಸಾಹತು ಹೂಡಿದರು, ಮರುವರ್ಷ ಜಾವಾದಿಂದ ಕಬ್ಬು ತಂದರು. ಡೋಡೊ ಎಂಬ ಹಾರಲಾರದ ಹಕ್ಕಿ ಈ ದ್ವೀಪದಲ್ಲಿ ಮಾತ್ರ ಇತ್ತು. ಮನುಷ್ಯರೂ ಅವರ ಜೊತೆ ಬಂದ ಹಂದಿ, ಇಲಿ, ಕೋತಿಗಳೂ ಸೇರಿ ಆ ಶತಮಾನ ಮುಗಿಯುವುದರೊಳಗೆ ಅದನ್ನು ನಿರ್ವಂಶ ಮಾಡಿದುವು. ಡಚ್ಚರಿಗೆ ಅಲ್ಲಿ ಏಳಿಗೆಯಾಗಲಿಲ್ಲ. 1710ರಲ್ಲಿ ಬಿಟ್ಟು ಹೋದರು. ಐದು ವರ್ಷ ಕಳೆದು ಫ್ರೆಂಚರು ಬಂದು ಐಲ್ ದ ಫ್ರಾನ್ಸ್, ಅಂದರೆ ಫ್ರಾನ್ಸಿನ ದ್ವೀಪ, ಎಂದು ಕರೆದರು. 1735ರಲ್ಲಿ ಗವರ್ನರಾಗಿ ಬಂದ ಲಾಬೂರ್ದೊನೆ ಪೋರ್ಟ್ ಲೂಯಿ ಬಂದರನ್ನು ಕಟ್ಟಿಸಿದ. ನಮ್ಮ ಪಾಠದಲ್ಲಿ 1746ರಲ್ಲಿ ಮದ್ರಾಸನ್ನು ಇಂಗ್ಲಿಷರಿಂದ ಗೆದ್ದುಕೊಂಡವನೆಂದು ಬರುವವನು ಇದೇ ಲಾಬೂರ್ದೊನೆ. ಇಂದಿಗೂ ಬಂದರಿನ ಎದುರು ಅವನ ಪ್ರತಿಮೆ ನಿಂತಿದೆ.

ಕಟ್ಟಿಸಿದ ಎಂದೆ. ಕಟ್ಟಿದವರು ಯಾರು? ಮಡಗಾಸ್ಕರ್, ಮೊಜಾಂಬಿಕ್‌ಗಳಿಂದ, ಕೆಲವರನ್ನು ಇಂಡಿಯಾದಿಂದಲೂ, ಹಡಗಿನಲ್ಲಿ ತುಂಬಿ ತಂದ ಗುಲಾಮರು. ಪುದುಚೇರಿಯ ಕಡೆಯಿಂದ ಕರೆತಂದ ಕುಶಲಕರ್ಮಿಗಳೂ ಇದ್ದರು, ಅವರು ಸ್ವತಂತ್ರರು. ಗುಲಾಮರ ಪಾಡು ಬೇರೆ. ಅವರಿಗೆಂದೇ 1723ರಲ್ಲಿ ಬಂದ ಕಾಯಿದೆಯ ಪ್ರಕಾರ, ಒಡೆಯನಿಂದ ಓಡಿಹೋಗಿ ಸಿಕ್ಕಿಬಿದ್ದವನಿಗೆ ಮೊದಲ ಸಲ ಕಿವಿ ಕತ್ತರಿಸಿ ಭುಜಕ್ಕೆ ಬರೆ, ಎರಡನೇ ಸಲ ಮೊಣಕಾಲಿನ ಹಿಂದಿನ ನರ ಕತ್ತರಿಸುವುದು, ಮೂರನೇ ಸಲ ಮರಣ.

ಇನ್ನು ನಮ್ಮ ಟಿಪ್ಪುವಿನ ಕಥೆಗೆ ಬರೋಣ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನೊಬ್ಬನ ಹಡಗು ಜಖಂಗೊಂಡು ಮಂಗಳೂರು ತೀರ ಸೇರಿತು. ಅವನು ಶ್ರೀರಂಗಪಟ್ಟಣಕ್ಕೆ ಬಂದು, ತಾನು ದ್ವೀಪದ ಸರ್ಕಾರದ ದೊಡ್ಡ ಮನುಷ್ಯನೆಂದೂ, ಅಲ್ಲಿ ಸೈನ್ಯ ಸಿದ್ಧವಾಗಿದೆಯೆಂದೂ ಹೇಳಿಕೊಂಡ. 1792ರ ಸೋಲಿನಲ್ಲಿ ಅರ್ಧ ರಾಜ್ಯವನ್ನೂ ಕೆಲಕಾಲ ಇಬ್ಬರು ಮಕ್ಕಳನ್ನೂ ಇಂಗ್ಲಿಷರ ಕೈಗೆ ಒಪ್ಪಿಸಬೇಕಾಗಿ ಬಂದಿದ್ದ ಸುಲ್ತಾನ ಈ ಮಾತನ್ನು ನಂಬಿದ. ಇಬ್ಬರು ದೂತರನ್ನು ಗುಟ್ಟಾಗಿ ಕಳಿಸಿದ. ಅವರು 1798ರ ಜನವರಿಯಲ್ಲಿ ಅಲ್ಲಿ ಇಳಿದಾಗ ತಿಳಿದದ್ದು, ಕೊಡಲು ಅಲ್ಲಿ ಸೈನ್ಯವೇ ಇಲ್ಲ! ಗವರ್ನರ್ ಮಾಲಾರ್ತಿಕ್ ಒಂದು ಉಪಾಯ ಮಾಡಿದ. ಜನವರಿ 30ರಂದು ಊರಿಗೆಲ್ಲ ಒಂದು ಘೋಷಣೆ ಹೊರಡಿಸಿದ: ಟಿಪ್ಪು ಸುಲ್ತಾನ ಇಂಗ್ಲಿಷರನ್ನು ಇಂಡಿಯಾದಿಂದ ಓಡಿಸಲು ನಮ್ಮ ನೆರವಿಗಾಗಿ ಕಾದಿದ್ದಾನೆ, ಮನಸ್ಸಿರುವ ನಾಗರಿಕರು ಮುಂದೆ ಬನ್ನಿ, ಎಂದು.

ಗುಟ್ಟು ಬೀದಿಗೆ ಬಿತ್ತು. ಮುಂದೆ ಬಂದವರು ನೂರು ಜನವೂ ಇಲ್ಲ. ಏಪ್ರಿಲ್ ಕೊನೆಗೆ ಅವರು ಮಂಗಳೂರಿನಲ್ಲಿ ಇಳಿದರು. ಆದರೆ ಘೋಷಣೆಯ ಪ್ರತಿ ಜೂನ್‌ನಲ್ಲಿ ಕಲ್ಕತ್ತ ತಲುಪಿತು. ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೊಂದು ನೆಪ ಬೇಕಿತ್ತು, ಸಿಕ್ಕಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸುಲ್ತಾನ ಬಿದ್ದ ಜಾಗಕ್ಕೆ ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಸಾವಿಗೂ, ಇಷ್ಟು ದೂರದ ಈ ಊರಿನಲ್ಲಿ ಓದಿ ಹೇಳಿದ ಒಂದು ಕಾಗದಕ್ಕೂ ಇರುವ ನಂಟು ಪೋರ್ಟ್ ಲೂಯಿಯ ಬೀದಿಯಲ್ಲಿ ನಿಂತಾಗ ಮೈಗೆ ತಟ್ಟಿತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಮಾತು. ಆ ಘೋಷಣೆ ಕರೆದದ್ದು ನಾಗರಿಕರನ್ನು. ಆ ವೇಳೆಗೆ ದ್ವೀಪದಲ್ಲಿದ್ದ ಪ್ರತಿ ಹತ್ತು ಜನರಲ್ಲಿ ಎಂಟು ಮಂದಿ ಗುಲಾಮರು. ಅವರು ನಾಗರಿಕರಲ್ಲ. ಫ್ರಾನ್ಸಿನ ಕ್ರಾಂತಿ ಸರ್ಕಾರ 1794ರಲ್ಲೇ ಗುಲಾಮಗಿರಿಯನ್ನು ರದ್ದು ಮಾಡಿತ್ತು. ಆ ಆಜ್ಞೆ ಜಾರಿಮಾಡಲು 1796ರಲ್ಲಿ ಪ್ಯಾರಿಸ್ಸಿನಿಂದ ಇಬ್ಬರು ಪ್ರತಿನಿಧಿಗಳು ಬಂದರು. ತೋಟದ ಒಡೆಯರು ದಂಗೆಯೆದ್ದು ಅವರಿಬ್ಬರನ್ನೂ ಮತ್ತೆ ಹಡಗು ಹತ್ತಿಸಿ ಕಳಿಸಿಬಿಟ್ಟರು. ಅದೇ ಮಾಲಾರ್ತಿಕ್ ಆಗಲೂ ಗವರ್ನರು. ಅಂದರೆ, ಮೈಸೂರಿನ ಸ್ವಾತಂತ್ರ್ಯಕ್ಕೆ ಕೈಜೋಡಿಸಿ ಎಂದು ಕರೆಕೊಟ್ಟ ಊರು ಎರಡೇ ವರ್ಷದ ಹಿಂದೆ ತನ್ನ ಮನೆಬಾಗಿಲಿಗೆ ಬಂದ ಸ್ವಾತಂತ್ರ್ಯವನ್ನು ಹಿಂದಕ್ಕಟ್ಟಿದ ಊರು. ನಾನು ಇಪ್ಪತ್ತೇಳು ವರ್ಷ ಚುಕ್ಕೆ ಇಟ್ಟು ತೋರಿಸಿದ ಜಾಗದಲ್ಲಿ ಇಷ್ಟೆಲ್ಲ ಜನ ಇದ್ದರು. ಟಿಪ್ಪುವಿನ ದೂತರನ್ನು, ಫ್ರೆಂಚ್ ಗವರ್ನರನನ್ನು, ವೆಲ್ಲೆಸ್ಲಿಯನ್ನು ಹೇಳಿದ್ದೆ. ಅವರ ಮೂಟೆ ಹೊತ್ತವರನ್ನು ಹೇಳಿರಲಿಲ್ಲ.

1810ರ ಡಿಸೆಂಬರಿನಲ್ಲಿ ಇಂಗ್ಲಿಷರು ದ್ವೀಪವನ್ನು ಗೆದ್ದರು. ಅವರ ಸೈನ್ಯದಲ್ಲಿ ನಮ್ಮ ಕಡೆಯ ಸಿಪಾಯಿಗಳೂ ಇದ್ದರು. ಮಾರಿಷಸ್ ಎಂಬ ಹಳೆಯ ಹೆಸರು ಮರಳಿತು, ಫ್ರೆಂಚ್ ಒಡೆಯರ ತೋಟಗಳು ಒಡೆಯರ ಹತ್ತಿರವೇ ಉಳಿದವು. 1825ರಲ್ಲಿ ಇಲ್ಲಿನ ಸಕ್ಕರೆಗೆ ಇಂಗ್ಲೆಂಡಿನಲ್ಲಿ ಸುಂಕ ಇಳಿಸಿದ್ದೇ ತಡ, ದ್ವೀಪವೆಲ್ಲ ಕಬ್ಬಾಯಿತು. ಹತ್ತು ವರ್ಷಕ್ಕೆ, 1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದವರು ಸುಮಾರು 66 ಸಾವಿರ ಮಂದಿ. ಪರಿಹಾರ ಎಂದು ಇಪ್ಪತ್ತು ಲಕ್ಷ ಪೌಂಡಿಗೂ ಮಿಕ್ಕಿ ಹಣ ಕೊಟ್ಟರು, ಗುಲಾಮರಿಗಲ್ಲ, ಗುಲಾಮರನ್ನು ಕಳೆದುಕೊಂಡ ಒಡೆಯರಿಗೆ! ಬಿಡುಗಡೆಯಾದವರು ಇನ್ನೂ ನಾಲ್ಕು ವರ್ಷ ಅದೇ ಒಡೆಯನ ಹತ್ತಿರ ಕೆಲಸ ಕಲಿಯುವವರ ಹೆಸರಿನಲ್ಲಿ ದುಡಿಯಬೇಕಾಯಿತು. ಹುಟ್ಟಿದಾಗಿನಿಂದ ಮಾಡಿದ ಕೆಲಸವನ್ನು ಹೊಸದಾಗಿ ಕಲಿಯುವುದೇನಿತ್ತೋ!

ದ್ವೀಪದ ನೈರುತ್ಯ ಮೂಲೆಯಲ್ಲಿ ಲ ಮೋರ್ನ್ ಎಂಬ ಬೆಟ್ಟವಿದೆ. 556 ಮೀಟರ್ ಎತ್ತರ, ಸಮುದ್ರದ ಅಂಚಿನಲ್ಲೇ ಗೋಡೆಯ ಹಾಗೆ ನಿಂತಿದೆ. ಓಡಿಹೋದ ಗುಲಾಮರು ಅದರ ಗುಹೆಗಳಲ್ಲಿ ಅಡಗಿರುತ್ತಿದ್ದರು. ಬಿಡುಗಡೆಯ ಸುದ್ದಿ ಹೇಳಲು ಪೊಲೀಸರು ಹತ್ತಿ ಬರುತ್ತಿದ್ದುದನ್ನು ಕಂಡು, ಹಿಡಿಯಲು ಬಂದರೆಂದೇ ತಿಳಿದು, ಅವರು ಮೇಲಿನಿಂದ ಧುಮುಕಿ ಸತ್ತರೆಂದು ಜನ ಹೇಳುತ್ತಾರೆ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಒಳ್ಳೆಯ ಸುದ್ದಿಯನ್ನು ಪೊಲೀಸರ ಕೈಯಲ್ಲಿ ಕಳಿಸಿದರೆ ನಂಬುವವರು ಯಾರು ಎಂದು ಆ ಕಥೆ ಕೇಳುವ ಹಾಗಿದೆ. 2008ರಲ್ಲಿ ಯುನೆಸ್ಕೊ ಈ ಬೆಟ್ಟವನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. ಬೆಟ್ಟದ ಬುಡದಲ್ಲೇ ದ್ವೀಪದ ಅತ್ಯಂತ ಸುಂದರ ಮರಳು ದಡವೂ ಇದೆ. ಮೊಮ್ಮಗಳು ಅಲ್ಲಿ ಆಡುತ್ತಿದ್ದಳು. ಅವಳಿಗೆ ಹೇಳಲಿಲ್ಲ.

ಗುಲಾಮರು ಹೋದರೆ ಕಬ್ಬು ಕಡಿಯುವವರು ಬೇಕಲ್ಲ! ಬಿಡುಗಡೆ ಬರುವುದು ಖಚಿತವಾದಾಗಲೇ ತೋಟದವರು ಇಂಡಿಯಾದ ಕಡೆ ಕೈಚಾಚಿದ್ದರು. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗಿನಲ್ಲಿ ಕಲ್ಕತ್ತದಿಂದ 36 ಮಂದಿ ಬಂದಿಳಿದರು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ ಸಂಬಳ, ಜೊತೆಗೆ ಅಕ್ಕಿ, ಬೇಳೆ, ಉಪ್ಪು. ಕೂಲಿಯವರನ್ನು ಗುಲಾಮರನ್ನಾಗಿಸದೆ ಕರಾರಿನ ಮೇಲೆ ದುಡಿಸಬಹುದೇ ಎಂಬ ಮಹಾಪ್ರಯೋಗ ಇದು ಎಂದು ಬ್ರಿಟಿಷರು ಹೇಳಿಕೊಂಡರು. ಮಾರಿಷಸ್ಸಿನಲ್ಲಿ ಪಾಸಾದ ಪ್ರಯೋಗವನ್ನು ಆಮೇಲೆ ಟ್ರಿನಿಡಾಡ್, ಗಯಾನಾ, ನಟಾಲ್, ಫಿಜಿಗಳಿಗೂ ಹಬ್ಬಿಸಿದರು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳವರೆಗೆ ಕಲ್ಕತ್ತ, ಮದ್ರಾಸ್, ಬೊಂಬಾಯಿ ಬಂದರುಗಳಿಂದ ಸುಮಾರು ನಾಲ್ಕೂವರೆ ಲಕ್ಷ ಜನ ಇಲ್ಲಿಗೆ ಬಂದರು. ತಿರುಗಿ ಹೋದವರು ಅವರಲ್ಲಿ ಮೂರನೇ ಒಂದು ಪಾಲು.

ಅವರು ಬಂದಿಳಿದ ಜಾಗ ಪೋರ್ಟ್ ಲೂಯಿಯಲ್ಲಿ ಇನ್ನೂ ಇದೆ. ಹಿಂದೆ ಕೂಲಿ ಘಾಟ್ ಎನ್ನುತ್ತಿದ್ದರು, ಈಗ ಆಪ್ರವಾಸಿ ಘಾಟ್. 2006ರಲ್ಲಿ ಅದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅರಮನೆ, ದೇವಸ್ಥಾನಗಳನ್ನು ನೋಡಿದ ಕಣ್ಣಿಗೆ ಅಲ್ಲಿ ನೋಡುವಂಥದ್ದೇನೂ ಇಲ್ಲ. ಹೆದ್ದಾರಿ ಮಾಡುವಾಗ ಹಳೆಯ ಕಟ್ಟಡಗಳ ಎಷ್ಟೋ ಭಾಗ ಹೋಗಿ, ಒಂದು ಹೆಬ್ಬಾಗಿಲು, ಆಸ್ಪತ್ರೆಯ ಕೋಣೆ, ಅಡುಗೆ ಕೋಣೆಯ ಗುರುತು, ಮತ್ತೆ ಹದಿನಾರು ಕಲ್ಲು ಮೆಟ್ಟಿಲು ಉಳಿದಿವೆ. ದೋಣಿಯಿಂದಿಳಿದವರು ಈ ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತು. ಎರಡು ದಿನ ಅಲ್ಲಿ ಇರಿಸಿಕೊಂಡು, ಹೆಸರು ಬರೆದು, ಒಂದು ನಂಬರು ಕೊಟ್ಟು, ಆ ಮೇಲೆ ತೋಟಗಳಿಗೆ ಹಂಚುತ್ತಿದ್ದರು.

ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅವರ ಫೋಟೋಗಳಿವೆ. 1860ರ ದಶಕದಿಂದ ಪ್ರತಿಯೊಬ್ಬ ಕೂಲಿಯೂ ತನ್ನ ಫೋಟೋ ಅಂಟಿಸಿದ ಚೀಟಿಯನ್ನು ಜೊತೆಗೆ ಇಟ್ಟುಕೊಳ್ಳಬೇಕೆಂದು ಕಾನೂನಾಯಿತು. ಚೀಟಿಯಿಲ್ಲದೆ ದಾರಿಯಲ್ಲಿ ಸಿಕ್ಕರೆ ಅಲೆಮಾರಿಯೆಂದು ಸೆರೆ. ಒಂದು ದಿನ ಕೆಲಸ ತಪ್ಪಿಸಿದರೆ ಎರಡು ದಿನದ ಕೂಲಿ ಕಡಿತ. ಇದು ಸರ್ಕಾರ ಒಪ್ಪಿದ ಪದ್ಧತಿ. 1871ರಲ್ಲಿ ದ ಪ್ಲೆವಿಟ್ಜ್ ಎಂಬ ಯುರೋಪಿಯನ್ ತೋಟಗಾರನ ನೆರವಿನಿಂದ 9,401 ಕೂಲಿಯವರು ಒಂದು ಮನವಿಗೆ ಸಹಿ, ಹೆಬ್ಬೆಟ್ಟು ಹಾಕಿ ಗವರ್ನರರಿಗೆ ಕೊಟ್ಟ ಮೇಲೆ ಲಂಡನ್ನಿನಿಂದ ವಿಚಾರಣಾ ಆಯೋಗ ಬಂದು, ಕೆಲವು ಕಾನೂನು ಸಡಿಲವಾದವು.

ಆ ಫೋಟೋಗಳ ಮುಂದೆ ನಾನು ಬಹಳ ಹೊತ್ತು ನಿಂತೆ. ಮೂಗುಬೊಟ್ಟು ಹಾಕಿದ ಹೆಂಗಸರು, ತಲೆಗೆ ವಸ್ತ್ರ ಕಟ್ಟಿದ ಗಂಡಸರು. ಯಾರೂ ನಗುತ್ತಿಲ್ಲ. ಕ್ಯಾಮೆರಾ ಏನು ಮಾಡುತ್ತದೋ ಎಂಬ ಅಂಜಿಕೆ ಕಣ್ಣಿನಲ್ಲಿದೆ. ಹೆಸರುಗಳನ್ನು ಬರೆದುಕೊಂಡ ಗುಮಾಸ್ತನಿಗೆ ನಮ್ಮ ಭಾಷೆ ಬಾರದು. ತನ್ನ ಕಿವಿಗೆ ಬಿದ್ದ ಹಾಗೆ ಬರೆದ. ಅದೇ ಮುಂದೆ ಮನೆತನದ ಹೆಸರಾಯಿತು. ರಿಜಿಸ್ಟರು ಬರೆಯುವ ಕೆಲಸ ನನ್ನದೂ ಹೌದು. ಎಷ್ಟು ಮಕ್ಕಳ ಹೆಸರನ್ನು ಅವರ ಅಪ್ಪ ಅಮ್ಮ ಹೇಳಿದ ಹಾಗೆ ಬರೆಯದೆ, "ಅದು ಹಾಗಲ್ಲ, ಹೀಗೆ" ಎಂದು ನಾನು ತಿದ್ದಿದ್ದೇನೆ! ಆ ಬಳ್ಳಾರಿ ಹುಡುಗಿಯ ಹೆಸರನ್ನೂ ತಿದ್ದಿದ್ದೆ. ಗುಮಾಸ್ತನ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲಿ ನನ್ನ ಕಡೆಗೇ ತಿರುಗಿತು.

"ಅಮ್ಮಾ, ಸಾಕು ಬಾರಮ್ಮ, ಮಗು ಹಸಿದಿದೆ" ಎಂದು ಮಗಳು ಕರೆದಳು. ಹೊರಗೆ ಬಂದು ಬೀದಿ ಬದಿಯ ಗಾಡಿಯಲ್ಲಿ ಧಾಲ್ ಪುರಿ ತಿಂದೆವು. ಬೇಳೆ ಬೇಯಿಸಿ ಪುಡಿಮಾಡಿ ಒಳಗೆ ತುಂಬಿ ಲಟ್ಟಿಸಿ ಸುಟ್ಟದ್ದು. ನಮ್ಮ ಬೇಳೆ ಒಬ್ಬಟ್ಟೇ, ಬೆಲ್ಲ ಇಲ್ಲ ಅಷ್ಟೆ. ಜೋಡಿ ಜೋಡಿಯಾಗಿ ಕಾಳಿನ ಪಲ್ಯ, ಚಟ್ನಿ ಸವರಿ, ಸುರುಳಿ ಸುತ್ತಿ ಕೊಡುತ್ತಾರೆ. ದ್ವೀಪದ ಎಲ್ಲ ಜನ, ಆಫ್ರಿಕನ್ ಮೂಲದವರು, ಚೀನೀಯರು, ನಮ್ಮವರು, ಎಲ್ಲರೂ ಅದನ್ನೇ ತಿನ್ನುತ್ತಾರೆ. ಸಕ್ಕರೆಯ ದ್ವೀಪದಲ್ಲಿ ಬೆಲ್ಲವಿಲ್ಲದ ಒಬ್ಬಟ್ಟು! ಆದರೂ ರುಚಿ ಬಹಳ ಚೆನ್ನಾಗಿತ್ತು, ಎರಡು ಜೋಡಿ ತಿಂದೆ.

ಹೆಂಗಸರ ಪಾಡನ್ನು ಬೇರೆಯಾಗಿ ಹೇಳಬೇಕು. ಶುರುವಿನ ವರ್ಷಗಳಲ್ಲಿ ತೋಟದವರಿಗೆ ಬೇಕಾದದ್ದು ಗಂಡಾಳುಗಳು. ಹೆಂಗಸರನ್ನು ತರಲೇ ಇಲ್ಲವೆನ್ನಬಹುದು. ಆಮೇಲೆ ಇಂತಿಷ್ಟು ಹೆಂಗಸರು ಬರಲೇಬೇಕೆಂದು ಕಾನೂನು ಮಾಡಿದರು. ಬಂದವರು ಹೊಲದಲ್ಲಿ ದುಡಿದರು, ಕಡಿಮೆ ಕೂಲಿಗೆ. ಮನೆಗೆ ಬಂದು ಒಲೆ ಹಚ್ಚಿದರು. ಹಸು ಕಟ್ಟಿ ಹಾಲು ಮಾರಿದರು. ಕಾಸು ಕೂಡಿಸಿ ತುಂಡು ನೆಲ ಕೊಂಡ ಸಂಸಾರಗಳು ಎಷ್ಟೋ. 1901ರಲ್ಲಿ ದಕ್ಷಿಣ ಆಫ್ರಿಕದಿಂದ ಮರಳುತ್ತಿದ್ದ ಗಾಂಧೀಜಿ ಹಡಗು ನಿಂತ ಕಾರಣ ಕೆಲವು ದಿನ ಇಲ್ಲಿದ್ದರು. ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಇವರಿಗೆ ಹೇಳಿಹೋದರು. ಆ ಮಾತು ಫಲಿಸಿತು. 1968ರ ಮಾರ್ಚ್ 12ರಂದು ದೇಶ ಸ್ವತಂತ್ರವಾದಾಗ ಪ್ರಧಾನಿಯಾದ ಶಿವಸಾಗರ ರಾಮಗೂಲಾಮ್ ಕೂಲಿಯಾಗಿ ಬಂದವರೊಬ್ಬರ ಮಗ.

ಸುಲಭವಾಗಿ ಆದದ್ದಲ್ಲ. 1943ರ ಸೆಪ್ಟೆಂಬರ್ 27ರಂದು ಉತ್ತರದ ಬೆಲ್ ವ್ಯೂ ಹರೆಲ್ ತೋಟದಲ್ಲಿ ಕೂಲಿ ಹೆಚ್ಚಿಸಿ ಎಂದು ಕೇಳಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಅಂಜಲೈ ಕೂಪೆನ್ ಎಂಬ ಗರ್ಭಿಣಿ ಹೆಂಗಸೂ ಒಬ್ಬಳು. ಕೂಪೆನ್ ಎಂಬುದು ಮೂಲದಲ್ಲಿ ಕುಪ್ಪನ್ ಇರಬೇಕು. ಗುಮಾಸ್ತನ ಕಿವಿಯಲ್ಲಿ ಹಾಗಾಗಿದೆ. ಆ ಊರಿನ ದೊಡ್ಡ ಕ್ರೀಡಾಂಗಣಕ್ಕೆ ಇಂದು ಅವಳದೇ ಹೆಸರು. ದ್ವೀಪದಲ್ಲಿ ನಾನು ನೋಡಿದ ಗವರ್ನರರ ಪ್ರತಿಮೆಗಳಿಗಿಂತ ಆ ಹೆಸರಿನ ಫಲಕ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ.

ಕೊನೆಯ ರಾತ್ರಿ ಹೋಟೆಲಿನಲ್ಲಿ ಸೇಗಾ ಕುಣಿತ ಇಟ್ಟಿದ್ದರು. ಆಡಿನ ಚರ್ಮ ಬಿಗಿದ ರಾವಾನ್ ಎಂಬ ದೊಡ್ಡ ತಮಟೆ. ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ನಮ್ಮಲ್ಲಿ ತಮಟೆ ಕಾಯಿಸುವ ಹಾಗೆಯೇ. ಹಗಲೆಲ್ಲ ದುಡಿದ ಗುಲಾಮರು ರಾತ್ರಿ ಒಲೆಯ ಬೆಳಕಿನಲ್ಲಿ ಹಾಡಿ ಕುಣಿದದ್ದು ಇದು. ಹೆಂಗಸರು ಪಾದ ಎತ್ತದೆ, ನೆಲಕ್ಕೆ ಸವರುತ್ತ, ಸೊಂಟದಿಂದಲೇ ಕುಣಿಯುತ್ತಾರೆ. ಕಬ್ಬಿನ ನೆಲದಲ್ಲಿ ಹುಟ್ಟಿದ ಇನ್ನೊಂದು ಹಾಡು ಭೋಜಪುರಿ ಹೆಂಗಸರ ಗೀತ್ ಗವಾಯ್. ಮದುವೆಯ ಮುಂಚೆ ಮನೆಯ ಮುತ್ತೈದೆಯರೆಲ್ಲ ಕೂತು, ಡೋಲು, ಲೋಟ, ಚಮಚಗಳನ್ನೇ ವಾದ್ಯ ಮಾಡಿಕೊಂಡು ಹಾಡುವುದು. ಯುನೆಸ್ಕೊ 2014ರಲ್ಲಿ ಸೇಗಾವನ್ನೂ, 2016ರಲ್ಲಿ ಗೀತ್ ಗವಾಯ್‌ಯನ್ನೂ ಮನುಕುಲದ ಆಸ್ತಿಯೆಂದು ಗುರುತಿಸಿತು. ಹಡಗಿನಲ್ಲಿ ಬಂದವರು ಪಾತ್ರೆ ಪಡಗ ತರಲಾಗಲಿಲ್ಲ, ಹಾಡನ್ನು ತಂದರು. ಅದಕ್ಕೆ ನಂಬರು ಹಾಕಲು ಯಾವ ಗುಮಾಸ್ತನಿಂದಲೂ ಆಗಲಿಲ್ಲ.

ಮೊಮ್ಮಗಳು ನನ್ನ ಕೈಹಿಡಿದೆಳೆದು, "ಬಾ ಅಜ್ಜಿ, ಕುಣಿಯೋಣ" ಎಂದಳು. ನಾನೂ ಎರಡು ಹೆಜ್ಜೆ ಹಾಕಿದೆ. ಮಗಳು ನನ್ನ ಕಿವಿಯಲ್ಲಿ, "ಅಮ್ಮಾ, ನಿನ್ನ ಪಾಠ ಅಷ್ಟೇನೂ ಬೇಜಾರಾಗಲಿಲ್ಲ ಬಿಡು" ಎಂದಳು. ಅವಳಿಂದ ಇಷ್ಟು ಬಂದರೆ ದೊಡ್ಡದು.

ಊರಿಗೆ ಬಂದ ಮೇಲೆ ಆ ಪಾಠ ಮತ್ತೆ ಬಂತು. ಭೂಪಟ ತೂಗುಹಾಕಿದೆ, ಕೋಲಿನಿಂದ ಚುಕ್ಕೆ ತೋರಿಸಿದೆ. ದೂತರ ಕಥೆ, ಘೋಷಣೆಯ ಕಥೆ ಹೇಳಿದೆ. ಆಮೇಲೆ, "ಈ ದ್ವೀಪದಲ್ಲಿ ಕಬ್ಬು ಯಾರು ಕಡೀತಿದ್ರು ಗೊತ್ತಾ?" ಎಂದು ನಾನೇ ಕೇಳಿದೆ. ಯಾರೂ ಮಾತಾಡಲಿಲ್ಲ. ಒಂದು ಪೀರಿಯಡ್ಡು ಪೂರ್ತಿ ಅದನ್ನೇ ಹೇಳಿದೆ. ಕಲ್ಲಿನ ಗುಡ್ಡೆಯನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಗಂಟೆ ಹೊಡೆದಾಗ ಮುಂದಿನ ಬೆಂಚಿನ ಜಾಣೆ ಎದ್ದು, "ಮಿಸ್, ಇದು ಪರೀಕ್ಷೆಗೆ ಬರುತ್ತಾ?" ಎಂದಳು. ಬರುವುದಿಲ್ಲ, ಆದರೂ ಬರೆದುಕೊಳ್ಳಿ ಎಂದೆ.

ಕೇಳಬೇಕಾಗಿದ್ದವಳು ಮಾತ್ರ ತರಗತಿಯಲ್ಲಿರಲಿಲ್ಲ. ಅವಳಿಗೆ ಈಗ ಮದುವೆಯಾಗಿ ಮಕ್ಕಳಿರಬಹುದು. ಯಾವ ಊರಿನ ಗದ್ದೆಯಲ್ಲಿ, ಯಾವ ಮೇಸ್ತ್ರಿಯ ಕೈಕೆಳಗೆ ಇದ್ದಾಳೋ ನಾನರಿಯೆ. ಈ ವರ್ಷವೂ ನಮ್ಮೂರ ಕಾಲುವೆ ಏರಿಯ ಮೇಲೆ ಸೋಗೆಯ ಗುಡಿಸಲುಗಳು ಎದ್ದಿವೆ. ಹೋದ ವಾರ ಹೆಡ್‌ಮಿಸ್ಟ್ರೆಸ್‌ರನ್ನು ಕೇಳಿಕೊಂಡು, ಅಲ್ಲಿಗೆ ಹೋಗಿ ಐದು ಮಕ್ಕಳ ಹೆಸರು ಬರೆದುಕೊಂಡು ಬಂದೆ, ಅವರ ತಾಯಂದಿರು ಹೇಳಿದ ಹಾಗೆಯೇ.